ತಡೆಯದೆ ನಿಂತವರು



ಚಲನಚಿತ್ರಗಳ ಕುರಿತು ಈ ಅಂಕಣದಲ್ಲಿ ನಾವು ಬರೆಯುವುದು ವಿರಳ. ಆದರೆ ಬೀದರ ನಗರದ ನಮ್ಮ ಮನೆಯಲ್ಲಿ ಮಗನೊಡನೆ ಕುಳಿತು ನೋಡಿದ ಇಂಗ್ಲಿಷ್ ಚಿತ್ರವೊಂದು ನಮ್ಮ ನೆಮ್ಮದಿಯನ್ನು ಕದಡಿತು. ದೂರದ ದೇಶದ ಆ ಕಥೆಯಲ್ಲಿ ನಮಗೆ ನಮ್ಮದೇ ಜಿಲ್ಲೆಯ ಮುಖ ಕಂಡಿತು. ಆದಕಾರಣ ಈ ಸಲ ಅದರ ವಿಚಾರವನ್ನೇ ತಮ್ಮ ಮುಂದಿಡುತ್ತಿದ್ದೇವೆ.

ಡೆನಿ ವಿಲ್ನೆವ್ ನಿರ್ದೇಶಿಸಿ 2013ರಲ್ಲಿ ತೆರೆಗೆ ಬಂದ ಆ ಚಿತ್ರದ ಹೆಸರು ‘ಪ್ರಿಸನರ್ಸ್’, ಅಂದರೆ ಸೆರೆಯಾಳುಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಊರಿನಲ್ಲಿ, ಹಬ್ಬದ ದಿನ ನೆರೆಹೊರೆಯ ಎರಡು ಕುಟುಂಬಗಳು ಕೂಡಿ ಉಣ್ಣುತ್ತಿರುವಾಗ, ಆ ಎರಡೂ ಮನೆಗಳ ಪುಟ್ಟ ಹೆಣ್ಣುಮಕ್ಕಳು ಕಾಣೆಯಾಗುತ್ತಾರೆ. ಬೀದಿಯಲ್ಲಿ ನಿಂತಿದ್ದ ವಾಹನದ ಚಾಲಕ ಅಲೆಕ್ಸ್ ಎಂಬ ತರುಣನನ್ನು ಪೊಲೀಸರು ಹಿಡಿಯುತ್ತಾರೆ. ವಯಸ್ಸು ಬಂದರೂ ಅವನ ಬುದ್ಧಿ ಬಾಲಕನದು. ಸಾಕ್ಷ್ಯ ದೊರೆಯದೆ ಅವನನ್ನು ಬಿಟ್ಟುಬಿಡಬೇಕಾಗುತ್ತದೆ.

ಕಳೆದುಹೋದ ಮಗುವೊಂದರ ತಂದೆ ಕೆಲ್ಲರ್ ಡೋವರ್ ವೃತ್ತಿಯಿಂದ ಬಡಗಿ, ದೈವಭಕ್ತ. ಅವನು ಅಲೆಕ್ಸನನ್ನು ಎತ್ತಿಕೊಂಡು ಹೋಗಿ, ಪಾಳುಮನೆಯೊಂದರಲ್ಲಿ ಕೂಡಿಹಾಕಿ, ಬಾಯಿ ಬಿಡಿಸಲೆಂದು ದಿನದಿನವೂ ಹಿಂಸಿಸುತ್ತಾನೆ. ನಡುನಡುವೆ ದೇವರ ಪ್ರಾರ್ಥನೆಯನ್ನೂ ಮಾಡುತ್ತಾನೆ. ಆದರೆ ಅದರಲ್ಲಿ ಕ್ಷಮೆಯ ಮಾತು ಬರುವಲ್ಲಿ ಅವನ ನಾಲಿಗೆ ತಡವರಿಸುತ್ತದೆ. ನಿತ್ಯ ಪೂಜೆ ಮಾಡುವ ನಮ್ಮಂಥವರ ಎದೆಗೆ ನಾಟುವ ದೃಶ್ಯವಿದು.

ಚಿತ್ರದ ನಡುವೆ ನಮ್ಮ ಮಗ ಕೇಳಿದ: “ಅಪ್ಪಾ, ನಮ್ಮ ತಂಗಿಗೇ ಹಿಂಗಾಗಿದ್ದರ ನೀವು ಸುಮ್ಮ ಕೂಡ್ತಿದ್ರೇನು?” ನಮ್ಮಲ್ಲಿ ಉತ್ತರವಿರಲಿಲ್ಲ. ಹೆತ್ತ ಕರುಳಿನ ಕೋಪಕ್ಕೆ ನೀತಿಪಾಠ ಹೇಳುವುದು ಸುಲಭವಲ್ಲ. ಚಿತ್ರವೂ ಸುಲಭದ ಉತ್ತರ ಕೊಡುವುದಿಲ್ಲ. ಅಲೆಕ್ಸನಿಗೆ ಏನೂ ಗೊತ್ತಿರಲಿಲ್ಲವೆಂದಲ್ಲ. ತಂದೆಯ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಅಪರಾಧಿ ಅವನಲ್ಲ. ಹಲವು ವರ್ಷಗಳ ಹಿಂದೆ ಅವೇ ಕೈಗಳು ಕದ್ದೊಯ್ದಿದ್ದ ಮಗು ಅವನು! ಕಾನೂನಿನ ಪ್ರತಿನಿಧಿಯಾದ ಪತ್ತೇದಾರ ಲೋಕಿಯೂ ನಿರ್ದೋಷಿಯಲ್ಲ; ಅವನು ತಾಳ್ಮೆಗೆಟ್ಟು ಕೈಮಾಡಿದ ಗದ್ದಲದಲ್ಲಿ ಇನ್ನೊಬ್ಬ ಶಂಕಿತ ಠಾಣೆಯಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಆದರೂ ಕೊನೆಗೆ ಡೋವರನ ಮಗಳನ್ನು ಆಸ್ಪತ್ರೆಗೆ ಮುಟ್ಟಿಸಿ ಉಳಿಸುವವನು ಆ ಪತ್ತೇದಾರನೇ.

ಇಷ್ಟೆಲ್ಲದರ ನಡುವೆ ನಮ್ಮನ್ನು ಹೆಚ್ಚು ಕಾಡಿದವರು ನೆರೆಮನೆಯ ದಂಪತಿಗಳು. ಅವರ ಮಗಳೂ ಕಾಣೆಯಾಗಿದ್ದಾಳೆ. ಪಾಳುಮನೆಯಲ್ಲಿ ನಡೆಯುವುದು ತಪ್ಪೆಂದು ಅವರಿಗೆ ಗೊತ್ತು. ಆದರೂ ತಾವು ಸಹಾಯವನ್ನೂ ಮಾಡುವುದಿಲ್ಲ, ತಡೆಯುವುದೂ ಇಲ್ಲ ಎಂಬ ತೀರ್ಮಾನಕ್ಕೆ ಆ ತಾಯಿ ಬರುತ್ತಾಳೆ. ಈ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾದದ್ದು ನಮ್ಮ ಔರಾದ ಸೀಮೆಯ ಮುರ್ಕಿ.

2018ರ ಜುಲೈ 13, ಶುಕ್ರವಾರ. ಹೈದರಾಬಾದಿನ ಒಬ್ಬ ತರುಣ ಎಂಜಿನಿಯರ್ ತನ್ನ ಗೆಳೆಯರೊಂದಿಗೆ ಆ ಕಡೆಗೆ ಬಂದಿದ್ದ. ಗೆಳೆಯರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅನುಮಾನಕ್ಕೆ ಮೂಲವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ, ಚಿತ್ರಗಳ ಸಮೇತ, ವಾಟ್ಸಾಪ್ ಮೂಲಕ ಅವರ ಕಾರಿಗಿಂತ ಮುಂಚೆ ಮುರ್ಕಿಯನ್ನು ತಲುಪಿತು. ಜನ ರಸ್ತೆಗೆ ಅಡ್ಡ ಕಟ್ಟಿದರು, ಕಾರು ಉರುಳಿತು, ಕೈಗೆ ಸಿಕ್ಕಿದ್ದರಿಂದ ಹೊಡೆದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಎಂಜಿನಿಯರ್ ಅಸುನೀಗಿದ. ಮಗು ಯಾವುದೂ ಕಾಣೆಯಾಗಿರಲಿಲ್ಲ.

ಹೊಡೆದವರು ಕೆಲವರು, ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದವರೂ ಇದ್ದರು. ಅವರೆಲ್ಲ ಯಾರು? ನಮ್ಮ ನಿಮ್ಮಂತೆ ಮಕ್ಕಳೊಂದಿಗರು, ದೇವರಿಗೆ ಕೈಮುಗಿಯುವವರು.

ಆ ಬೇಸಿಗೆಯಲ್ಲಿ ಮಕ್ಕಳನ್ನು ಕದಿಯುವ ದೃಶ್ಯವೊಂದು ದೇಶದ ತುಂಬ ಹರಿದಾಡಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರದ ತುಣುಕು. ಮಗುವನ್ನು ಮರಳಿ ಕರೆತಂದು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿಗಳ ದೆಸೆಯಿಂದ ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಕಾರನೊಬ್ಬ, ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಗುಂಪಿನ ಹೊಡೆತಕ್ಕೆ ಬಲಿಯಾದರು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಅಂಥದೇ ಒಂದು ಎಚ್ಚರಿಕೆ ನಮ್ಮ ಮೊಬೈಲಿಗೂ ಬಂದಿತ್ತು. ಮೊಮ್ಮಕ್ಕಳ ಚಿಂತೆಯಿಂದ, ಹಿಂದುಮುಂದು ನೋಡದೆ, ಭಾಲ್ಕಿಯಲ್ಲಿರುವ ನಮ್ಮ ಅಕ್ಕನವರ ಮನೆಗೆ ಕಳುಹಿಸಿದೆವು. ಅವರು ಮತ್ತೆ ಯಾರಿಗೆ ಕಳುಹಿಸಿದರೋ ನಾವು ಕೇಳಲಿಲ್ಲ. ನಾವು ಯಾರ ಮೇಲೂ ಕೈ ಎತ್ತಲಿಲ್ಲ, ನಿಜ. ಆದರೆ ತಡೆಯಬಹುದಾಗಿದ್ದ ಒಂದು ಸುಳ್ಳನ್ನು ತಡೆಯಲಿಲ್ಲ.

ಮುರ್ಕಿಯ ಘಟನೆಯ ನಾಲ್ಕೇ ದಿನಗಳಿಗೆ, ಜುಲೈ 17ರಂದು, ಮೊದಲಿನಿಂದ ವಿಚಾರಣೆಯಲ್ಲಿದ್ದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿ, ಗುಂಪುಹಿಂಸೆಯನ್ನು ತಡೆಯಲು ಪ್ರತಿ ಜಿಲ್ಲೆಗೂ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯನ್ನು ನೇಮಿಸಬೇಕೆಂದು ನಿರ್ದೇಶಿಸಿತು. ವಾಟ್ಸಾಪ್ ಸಂಸ್ಥೆಯೂ ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಇವೆಲ್ಲ ಬೇಕಾದವುಗಳೇ. ಆದರೆ ರಸ್ತೆಗೆ ಮರ ಅಡ್ಡ ಹಾಕುವ ಹೊತ್ತಿಗೆ ಅಲ್ಲಿ ನ್ಯಾಯಾಧೀಶರಿರುವುದಿಲ್ಲ, ನೆರೆಯವರಿರುತ್ತಾರೆ.

ಕೊಲ್ಲದಿರುವುದನ್ನೂ ಮುನಿಯದಿರುವುದನ್ನೂ ಬಸವಣ್ಣನವರು ಒಂದೇ ಉಸಿರಿನಲ್ಲಿ ಹೇಳಿದರು. ಕೊಲೆ ಕೈಯಲ್ಲಿ ಹುಟ್ಟುವುದಿಲ್ಲ, ಮುನಿಸಿನಲ್ಲಿ ಹುಟ್ಟುತ್ತದೆಂಬ ಅರಿವು ಅದರಲ್ಲಿದೆ. ಮಕ್ಕಳ ಮೇಲಿನ ಪ್ರೀತಿಯೂ ಹೆದರಿದಾಗ ಮುನಿಸಾಗಬಲ್ಲದು.

ತಾಯಂದಿರೇ, ತಂದೆಯರೇ, ಮಕ್ಕಳ ಬಗ್ಗೆ ಎಚ್ಚರವಿರಲಿ. ಅಪರಿಚಿತರ ಮೇಲೆ ಅನುಮಾನ ಬಂದರೆ ಮೊದಲು ಊರು, ಹೆಸರು ಕೇಳೋಣ. ಪೊಲೀಸರ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡೋಣ. ಅವರು ಬರುವ ತನಕ ಯಾರೂ ಕೈ ಎತ್ತದಂತೆ ನೋಡಿಕೊಳ್ಳೋಣ. ಮೊಬೈಲಿಗೆ ಬಂದ ಮಾತನ್ನು ಮುಂದೆ ಕಳುಹಿಸುವ ಮೊದಲು, ಇದನ್ನು ಕಣ್ಣಾರೆ ಕಂಡವರು ಯಾರೆಂದು ಕೇಳೋಣ.

ಮಗನ ಪ್ರಶ್ನೆಗೆ ನಾವು ಮರುದಿನ ಉತ್ತರ ಕೊಟ್ಟೆವು: “ನಮ್ಮ ಮಗಳಿಗೇ ಹಾಗಾಗಿದ್ದರೆ ನಾವು ಏನು ಮಾಡುತ್ತಿದ್ದೆವೋ ಹೇಳಲಾರೆವು. ಆಗ ನಮ್ಮ ಕೈ ಹಿಡಿಯುವ ನೆರೆಯವನೊಬ್ಬ ಇರಲಿ ಎಂದು ಬೇಡುತ್ತೇವೆ.” ಅಂಥ ನೆರೆಯವರು ನಾವಾಗೋಣ.