ಅಪಘಾತಗಳಿಗೂ ಒಂದು ಪಂಚಾಂಗವಿದೆ

2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು ಮತ್ತು ಖಾಸಗಿ ಬಸ್ಸು ಮುಖಾಮುಖಿಯಾಗಿ, ಬೇಸಿಗೆಯ ಕೊನೆಯಲ್ಲಿ ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದವರೂ ಸೇರಿ ಹತ್ತು ಮಂದಿ ಮೃತಪಟ್ಟರು. ಇಂತಹ ಸುದ್ದಿ ಬಂದಾಗಲೆಲ್ಲ ಚಾಲಕನ ಅಜಾಗರೂಕತೆ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ನಮ್ಮ ಎರಡು ತಾಲ್ಲೂಕುಗಳ ರಸ್ತೆಗಳ ಅಪಾಯವು ಋತುವಿನೊಡನೆ ರೂಪ ಬದಲಿಸುತ್ತದೆ ಎಂಬುದನ್ನು ನಾವು ಗಮನಿಸಬೇಕಾಗಿದೆ.

ಪುಷ್ಯದಿಂದ ಫಾಲ್ಗುಣದವರೆಗಿನ ಅವಧಿಯನ್ನೇ ನೋಡೋಣ. ಪುಷ್ಯದ ಕೊನೆಗೆ ಸುತ್ತೂರು ಜಾತ್ರೆ, ಮಾಘದಲ್ಲಿ ಮುಡುಕುತೊರೆ, ಫಾಲ್ಗುಣದಲ್ಲಿ ನಂಜನಗೂಡಿನ ಪಂಚ ಮಹಾರಥೋತ್ಸವ. ಈ ಅವಧಿಯ ಮೊದಲರ್ಧದಲ್ಲಿ ಕಪಿಲಾ, ಕಾವೇರಿ ದಡಗಳಲ್ಲಿ ಬೆಳಗಿನ ಮಂಜು ದಟ್ಟವಾಗಿರುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಕತ್ತಲಲ್ಲೇ ಹೊರಡುತ್ತವೆ. ಕಣ ಮಾಡುವ ಶ್ರಮ ಉಳಿಯಲೆಂದು ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ. ಹುರುಳಿಯ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬೈಕು ಉರುಳುತ್ತದೆ. ರಾತ್ರಿ ರಾಶಿಯ ಸುತ್ತ ಇಡುವ ಕಲ್ಲು, ಮೇಲೆ ಹೊದಿಸುವ ಕಪ್ಪು ಟಾರ್ಪಾಲು ಇನ್ನೂ ಘೋರ. ಧಾನ್ಯ ಉಳಿಸಲು ಇಟ್ಟ ಕಲ್ಲು ಜಾತ್ರೆಯಿಂದ ಮರಳುವ ಮನೆಯ ಮಗನನ್ನೇ ಬಲಿ ತೆಗೆದುಕೊಳ್ಳಬಹುದು. ರೈತರನ್ನು ದೂರಿದರೆ ಸಾಲದು. ಗ್ರಾಮಕ್ಕೊಂದು ಸಾಮೂಹಿಕ ಕಣವನ್ನು ಪಂಚಾಯಿತಿಗಳು ಒದಗಿಸಲೇಬೇಕು.

ಶಿವರಾತ್ರಿ ಸಮೀಪಿಸಿದಂತೆ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ. ಬಿಸಿಲಿಗೆ ಅಂಜಿ ಭಕ್ತರು ರಾತ್ರಿ ನಡೆಯುತ್ತಾರೆ. ಹಿಂದಿನಿಂದ ಬರುವ ವಾಹನ ಅವರ ಕಣ್ಣಿಗೆ ಬೀಳುವುದಿಲ್ಲ. ಎದುರು ವಾಹನ ಕಾಣುವಂತೆ ಬಲಬದಿಯಲ್ಲಿ ಸಾಲಾಗಿ ನಡೆಯುವುದು, ಮುಂದೆ ಹಿಂದೆ ದೀಪ ಹಿಡಿಯುವುದು, ಬೆಳಕಿಗೆ ಹೊಳೆಯುವ ಪಟ್ಟಿ ಧರಿಸುವುದು, ಇಷ್ಟನ್ನು ಪ್ರತಿ ತಂಡದ ಹಿರಿಯರೂ ಕಡ್ಡಾಯ ಮಾಡಬೇಕೆಂದು ಕೋರುತ್ತೇವೆ. ಪ್ರಸಾದಕ್ಕೆ ಮಾಡುವ ಏರ್ಪಾಡಿನಷ್ಟೇ ಶ್ರದ್ಧೆ ಇದಕ್ಕೂ ಬೇಕು.

ಮಳೆಗಾಲದ ಕಥೆ ಬೇರೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗುತ್ತದೆ. 2018, 2019ರಲ್ಲಿ ಹಾಗೆಯೇ ಆಯಿತು. ಆಗ ಭಾರಿ ವಾಹನಗಳು ಹಳ್ಳಿಯ ಕಿರುದಾರಿಗಳಿಗೆ ನುಗ್ಗುತ್ತವೆ. ಶಾಲೆಗೆ ನಡೆದು ಹೋಗುವ ಮಕ್ಕಳು ಅದೇ ದಾರಿಯಲ್ಲಿರುತ್ತಾರೆ. ಬಳಸುದಾರಿ ಯಾವುದೆಂದು ಮೊದಲೇ ಸಾರಿ, ಕಾವಲು ಹಾಕುವುದು ಆಡಳಿತಕ್ಕೆ ಅಸಾಧ್ಯವೇನಲ್ಲ. ಬಂಡೀಪುರದಲ್ಲಿ ರಾತ್ರಿ 9ಕ್ಕೆ ಗೇಟು ಮುಚ್ಚುವುದೆಂದು ಸಂಜೆ ಧಾವಿಸುವ ವಾಹನಗಳಿಗಂತೂ ಋತುಭೇದವಿಲ್ಲ.

ಇನ್ನೊಂದು ಮಾತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಕಚೇರಿ ಅಲೆಯಬೇಕೆಂಬ ಭಯ ನಮ್ಮ ಜನರಲ್ಲಿ ಇನ್ನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ತಮ್ಮ ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಈ ವಿಷಯವನ್ನು ಜಾತ್ರೆಯ ಧ್ವನಿವರ್ಧಕಗಳಲ್ಲಿ ದಿನಕ್ಕೆ ನಾಲ್ಕು ಬಾರಿಯಾದರೂ ಸಾರುವಂತೆ ಜಾತ್ರಾ ಸಮಿತಿಗಳನ್ನು ನಾವು ವಿನಂತಿಸುತ್ತೇವೆ.