ಇ-ಕೋರ್ಟ್ ಕಕ್ಷಿದಾರರಿಗೂ ಎಟುಕಲಿ



ನ್ಯಾಯಾಲಯಗಳ ಕೆಲಸವನ್ನು ಡಿಜಿಟಲ್ ಆಗಿಸುವ ಇ-ಕೋರ್ಟ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು. ಅದರಲ್ಲಿ ಕಡತಗಳ ಸ್ಕ್ಯಾನಿಂಗ್ ಮತ್ತು ಸಂರಕ್ಷಣೆಗೇ 2,038 ಕೋಟಿ. ಜನಸಾಮಾನ್ಯರಿಗೆ ನೆರವಾಗಬೇಕಾದ ಇ-ಸೇವಾ ಕೇಂದ್ರಗಳಿಗೆ ಸುಮಾರು 394 ಕೋಟಿ. ಗೆದ್ದಲು ಹಿಡಿಯುವ ಕಡತ ಉಳಿಯಬೇಕು, ನಿಜ. ಆದರೆ ಕಕ್ಷಿದಾರರ ಪಾಲು ಇಷ್ಟು ಕಡಿಮೆಯಾಗಿರುವುದು ನನಗೆ ಒಪ್ಪಿಗೆಯಿಲ್ಲ.

ಈ ಯೋಜನೆಯಿಂದ ಆಗಿರುವ ಅನುಕೂಲವೇನೂ ಸಣ್ಣದಲ್ಲ. ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ದಿನ ಏನಾಯಿತು ಎಂಬುದು ಮೊಬೈಲ್‌ನಲ್ಲೇ ಸಿಗುತ್ತದೆ. ವಾಯಿದೆ ಕೇಳಲೆಂದೇ ಕೂಲಿ ಬಿಟ್ಟು ಬಸ್ ಹತ್ತುತ್ತಿದ್ದವರಿಗೆ ಇದು ದೊಡ್ಡ ಉಪಕಾರ. ಆದರೆ ಆ ಸಂಖ್ಯೆ ಎಷ್ಟು ಕಕ್ಷಿದಾರರ ಕೈಯಲ್ಲಿದೆ? ಅದು ವಕೀಲರ ಫೈಲಿನಲ್ಲೇ ಉಳಿದರೆ ಪ್ರಯೋಜನವೇನು?

ಭಾಷೆಯ ತೊಡಕು ಇನ್ನೂ ದೊಡ್ಡದು. ಸುಪ್ರೀಂ ಕೋರ್ಟ್ ತೀರ್ಪುಗಳೇ ಯಂತ್ರಾನುವಾದದ ನೆರವಿನಿಂದ ಕನ್ನಡಕ್ಕೆ ಬರುತ್ತಿರುವಾಗ, ಪಾಲಿನ ದಾವೆ ಹೂಡಿದ ರೈತ ಮಹಿಳೆ ತನ್ನದೇ ಊರಿನ ಕೋರ್ಟಿನ ಇಂಗ್ಲಿಷ್ ಆದೇಶವನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ನೋವು ತರುತ್ತದೆ.

ದಾವೆ ದಾಖಲಾದ ದಿನವೇ ಸಿಎನ್‌ಆರ್ ಸಂಖ್ಯೆಯನ್ನು ಕಕ್ಷಿದಾರರಿಗೆ ಬರೆದುಕೊಡುವ, ಆದೇಶದ ಜೊತೆ ಕನ್ನಡ ಸಾರಾಂಶ ಪ್ರಕಟಿಸುವ, ಪ್ರತಿ ತಾಲ್ಲೂಕು ನ್ಯಾಯಾಲಯದ ಇ-ಸೇವಾ ಕೇಂದ್ರಕ್ಕೆ ಕಾಯಂ ಸಿಬ್ಬಂದಿ ಕೊಡುವ ಕೆಲಸವನ್ನು ಹೈಕೋರ್ಟ್ ಮತ್ತು ರಾಜ್ಯ ಸರ್ಕಾರ ಕೂಡಲೇ ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

— ಓದುಗ, ತಿಪಟೂರು