ಓಡುತ್ತಲೇ ರೂಪ ಬದಲಿಸುವ ಬೆಳಕು

ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ತಂತುವಿನಲ್ಲಿ ಮಾತು, ಚಿತ್ರ, ಲೆಕ್ಕಪತ್ರ ಎಲ್ಲವೂ ಬೆಳಕಿನ ಮಿಣುಕುಗಳಾಗಿ ಓಡುತ್ತವೆ. ಮಿಣುಕು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಂಥ ಒಂದು ಮಿಣುಕೇ ‘ಸ್ಪಂದ’. ತೊಂದರೆ ಏನೆಂದರೆ, ದೂರ ಸಾಗಿದಂತೆ ಸ್ಪಂದ ಅಗಲವಾಗುತ್ತದೆ. ಅಕ್ಕಪಕ್ಕದ ಸ್ಪಂದಗಳು ಒಂದರ ಮೇಲೊಂದು ಹರಡಿಕೊಂಡರೆ ಸಂದೇಶ ಕೆಟ್ಟಂತೆಯೇ.

ಅಗಲವಾಗುವುದೇಕೆ? ಸ್ಪಂದ ಎಷ್ಟು ಚಿಕ್ಕದೋ ಅಷ್ಟು ಹೆಚ್ಚು ತರಂಗಾಂತರಗಳು ಅದರಲ್ಲಿ ಬೆರೆತಿರುತ್ತವೆ. ಗಾಜಿನಲ್ಲಿ ಅವುಗಳ ವೇಗ ಒಂದೇ ಅಲ್ಲ. ಜಾತ್ರೆಗೆ ಒಟ್ಟಿಗೆ ಹೊರಟರೂ ಹುಡುಗರು ಮುಂದಾಗಿ ಅಜ್ಜಂದಿರು ಹಿಂದುಳಿಯುವುದಿಲ್ಲವೇ, ಹಾಗೆ. ಸಾಮಾನ್ಯ ಗಾಜಿನ ತಂತುವಿನಲ್ಲಿ ಸುಮಾರು 1.3 ಮೈಕ್ರೊಮೀಟರ್ ದಾಟಿದ ಅತಿಕೆಂಪು ಬೆಳಕಿನ ಸ್ಪಂದಗಳಲ್ಲಿ ಗಿಡ್ಡ ತರಂಗಗಳದ್ದೇ ಮುಂದಾಳತ್ವ.

1973ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಅಕಿರಾ ಹಸೆಗಾವಾ ಮತ್ತು ಫ್ರೆಡರಿಕ್ ಟ್ಯಾಪರ್ಟ್ ಗಾಜಿನ ಇನ್ನೊಂದು ಗುಣವನ್ನು ಇದಕ್ಕೆ ಎದುರು ನಿಲ್ಲಿಸಿ ಲೆಕ್ಕ ಹಾಕಿದರು. ಬೆಳಕು ತೀವ್ರವಾದಾಗ ಗಾಜಿನ ವಕ್ರೀಭವನ ಸೂಚ್ಯಂಕ ತುಸು ಏರುತ್ತದೆ. ಇದರಿಂದ ಸ್ಪಂದದ ಮುಂಭಾಗದಲ್ಲಿ ತರಂಗಾಂತರ ಹಿಗ್ಗುತ್ತದೆ, ಹಿಂಭಾಗದಲ್ಲಿ ಕುಗ್ಗುತ್ತದೆ. ಹಿಗ್ಗಿದ್ದು ನಿಧಾನ, ಕುಗ್ಗಿದ್ದು ಚುರುಕು. ಅಂದರೆ ಮುಂದಿನವರಿಗೆ ಲಗಾಮು, ಹಿಂದಿನವರಿಗೆ ಚಾಟಿ! ಎರಡೂ ಪರಿಣಾಮ ಸರಿಸಮವಾದರೆ ಸ್ಪಂದ ಹರಡದೆ ಸಾಗುತ್ತದೆ. ಇಂಥ ಸ್ಪಂದವೇ ‘ಸಾಲಿಟಾನ್’.

ಕಾಗದದ ಮೇಲಿದ್ದದ್ದನ್ನು ಕಣ್ಣಿಗೆ ಕಾಣಿಸಲು ಏಳು ವರ್ಷ ಬೇಕಾಯಿತು. 1980ರಲ್ಲಿ ಅದೇ ಪ್ರಯೋಗಾಲಯದ ಮೊಲೆನೌರ್, ಸ್ಟೋಲೆನ್ ಮತ್ತು ಗಾರ್ಡನ್ 700 ಮೀಟರ್ ತಂತುವಿಗೆ 7 ಪಿಕೊಸೆಕೆಂಡಿನ ಸ್ಪಂದಗಳನ್ನು ಕಳುಹಿಸಿದರು. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. ಗಾಜಿನೊಳಗೆ ಆ ಸ್ಪಂದದ ಉದ್ದ ಸುಮಾರು ಒಂದೂವರೆ ಮಿಲಿಮೀಟರ್ ಅಷ್ಟೆ. 0.3 ವಾಟ್ ಶಕ್ತಿಯಲ್ಲಿ ಅದು ಅಗಲವಾಗಿ ಹೊರಬಿತ್ತು. 1.2 ವಾಟ್‌ಗೆ ಏರಿಸಿದಾಗ ಹೋದಷ್ಟೇ ಅಗಲವಾಗಿ ಬಂತು. 5 ವಾಟ್‌ನಲ್ಲಿ ಕಿರಿದಾಯಿತು. 11.4ರಲ್ಲಿ ಎರಡಾಗಿ, 22.5ರಲ್ಲಿ ಮೂರಾಗಿ ಒಡೆಯಿತು. ತಂತುವನ್ನು ಯಾರೂ ಮುಟ್ಟಿರಲಿಲ್ಲ. ಬದಲಾದದ್ದು ಬೆಳಕಿನ ಶಕ್ತಿ ಮಾತ್ರ.

ಇಂದಿನ ದೂರದ ಸಂಪರ್ಕಗಳಲ್ಲಿ ಹರಡಿಕೆಯನ್ನು ಬಹುಮಟ್ಟಿಗೆ ತುದಿಯಲ್ಲಿರುವ ಇಲೆಕ್ಟ್ರಾನಿಕ್ ಚಿಪ್ ಲೆಕ್ಕ ಹಾಕಿ ಸರಿಪಡಿಸುತ್ತದೆ. ಆದರೆ ಗಾಜು ತಾನಾಗಿ ಮಾಡುವ ಕೆಲಸದ ಸೊಗಸೇ ಬೇರೆ. ಶಕ್ತಿಯುತ ಸ್ಪಂದ ಒಡೆದು ಹಾಗೇ ಉಳಿಯುವುದಿಲ್ಲ, ಇನ್ನಷ್ಟು ದೂರ ಹೋದರೆ ಮತ್ತೆ ಕೂಡಿಕೊಳ್ಳಬೇಕು ಎಂದು ಗಣಿತ ಹೇಳುತ್ತಿತ್ತು. 1983ರಲ್ಲಿ ಇನ್ನೂ ಉದ್ದದ ತಂತುವಿನ ತುದಿಯಲ್ಲಿ ಸ್ಪಂದ ತನ್ನ ಮೊದಲಿನ ರೂಪಕ್ಕೇ ಮರಳಿ ಬಂದಿತ್ತು.